ಆ ಮೆಟ್ಟಿಲ ಮೇಲಿನ ತಾತ ಯಾರು?

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ. ಮೊನ್ನೆ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾದ ತುಣುಕೊಂದನ್ನು ನೋಡಿದಳು. ಗುಂಗುರು ಕೂದಲಿನ ಪುಟ್ಟ ಬಿಳಿ ಹುಡುಗಿಯ ಕೈ ಹಿಡಿದು ಕಪ್ಪು ಬಣ್ಣದ ತಾತ ಒಬ್ಬರು ಮೆಟ್ಟಿಲ ಮೇಲೆ ಕುಣಿಯುತ್ತಾರೆ. "ಯಾರಪ್ಪ ಈ ತಾತ? ಗೆಜ್ಜೆನೇ ಇಲ್ಲ, ಇಷ್ಟು ಸದ್ದು ಹೇಗೆ ಬರುತ್ತೆ?" ಅಂತ ಕೇಳಿದಳು. ಹುಡುಕಿದಾಗ ಬಿಲ್ ರಾಬಿನ್ಸನ್, ಅಡ್ಡಹೆಸರು 'ಬೋಜ್ಯಾಂಗಲ್ಸ್' ಎಂದು ಸಿಕ್ಕಿತು. ಕೆಲವರು ಅವರನ್ನು ಟ್ಯಾಪ್ ನೃತ್ಯದ (ಬೂಟುಗಾಲಿನಿಂದ ನೆಲ ತಟ್ಟಿ ಲಯ ನುಡಿಸುವ ಕುಣಿತ) ಪಿತಾಮಹ ಅನ್ನುತ್ತಾರೆ. ಕೆಲವರು ಬಿಳಿಯರ ಮುಂದೆ ಹಲ್ಲು ಗಿಂಜಿದ 'ಅಂಕಲ್ ಟಾಮ್' ಅನ್ನುತ್ತಾರೆ. ಅವರ ಮೇಲೆ ಒಂದು ಪ್ರಸಿದ್ಧ ಹಾಡೂ ಇದೆಯಂತೆ. ಇದರಲ್ಲಿ ಯಾವುದು ನಿಜ? ಮಗಳಿಗೆ ಏನಂತ ಹೇಳಲಿ?

ಉತ್ತರ: ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. ಆ ಹಾಡು ಇವರ ಮೇಲಿನದಲ್ಲ. 'ಮಿಸ್ಟರ್ ಬೋಜ್ಯಾಂಗಲ್ಸ್' ಎಂಬುದು 1968ರ ಹಾಡು. ಅದನ್ನು ಬರೆದವರು ಒಮ್ಮೆ ನ್ಯೂ ಆರ್ಲಿಯನ್ಸ್‌ನ ಲಾಕಪ್ಪಿನಲ್ಲಿ ರಾತ್ರಿ ಕಳೆಯಬೇಕಾಯಿತು. ಅಲ್ಲಿ ಸಿಕ್ಕ ಒಬ್ಬ ಬೀದಿ ಕುಣಿತದವನನ್ನು ನೆನೆದು ಬರೆದ ಹಾಡು ಅದು. ಆತ ಬಿಳಿಯ. ತನ್ನ ನಿಜವಾದ ಹೆಸರು ಹೇಳಲು ಇಷ್ಟವಿಲ್ಲದೆ ಬೋಜ್ಯಾಂಗಲ್ಸ್ ಅಂದಿದ್ದನಂತೆ. ಅಷ್ಟು ಹೊತ್ತಿಗೆ ಆ ಹೆಸರು ಕುಣಿಯುವವರು ಯಾರು ಬೇಕಾದರೂ ಹಾಕಿಕೊಳ್ಳುವ ಅಂಗಿಯಂತೆ ಆಗಿಬಿಟ್ಟಿತ್ತು. ಹಾಡಿನ ಮುದುಕ ಹರಕು ಬಟ್ಟೆಯವನು, ಕುಡುಕ. ನಮ್ಮ ರಾಬಿನ್ಸನ್ ಇಸ್ತ್ರಿ ಕೆಡದ ಸೂಟಿನವರು, ಕುಡಿತ ಮುಟ್ಟದವರು. ಅವರ ಚಟ ಎರಡೇ: ಜೂಜು ಮತ್ತು ವೆನಿಲಾ ಐಸ್‌ಕ್ರೀಮ್.

ಉಳಿದದ್ದು ಇಷ್ಟು ಸುಲಭವಲ್ಲ. ಅದಕ್ಕೆ ನಿಮ್ಮನ್ನು ಒಂದು ವಿಚಿತ್ರ ಜಾಗಕ್ಕೆ ಕರೆದುಕೊಂಡು ಹೋಗಬೇಕು. ರಂಗದ ಮುಂದಕ್ಕಲ್ಲ, ರಂಗದ ಅಡಿಗೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಜೂ ಎಂಬ ಥಿಯೇಟರ್ ಇತ್ತು. 1900ರ ಮಾರ್ಚ್ ತಿಂಗಳು. 'ಇನ್ ಓಲ್ಡ್ ಕೆಂಟಕಿ' ಎಂಬ ನಾಟಕ ಊರೂರು ಸುತ್ತುತ್ತಾ ಅಲ್ಲಿಗೆ ಬಂದಿತ್ತು. ಆ ಕಂಪನಿ ಹೋದಲ್ಲೆಲ್ಲ ಕುಣಿತದ ಸ್ಪರ್ಧೆ ಇಡುತ್ತಿತ್ತು. ಸ್ಥಳೀಯರು ಯಾರು ಬೇಕಾದರೂ ಬಂದು ಕಂಪನಿಯ ಕುಣಿತಗಾರನಿಗೆ ಸವಾಲು ಹಾಕಬಹುದು. ಅಂಥ ಸ್ಪರ್ಧೆಗಳಲ್ಲಿ ತೀರ್ಪುಗಾರರು ಕೂರುತ್ತಿದ್ದ ಜಾಗ ನೋಡಿ. ಒಬ್ಬರು ಎದುರಿಗೆ, ಒಬ್ಬರು ಪಕ್ಕದ ಪರದೆಯ ಹತ್ತಿರ. ಇನ್ನೊಬ್ಬರು ರಂಗದ ಹಲಗೆಗಳ ಕೆಳಗೆ, ಕತ್ತಲಲ್ಲಿ. ಕೆಳಗಿದ್ದವರಿಗೆ ಕುಣಿಯುವವನ ಮುಖ ಕಾಣದು, ಬಟ್ಟೆ ಕಾಣದು, ಮೈಬಣ್ಣ ಕಾಣದು. ಕಾಲಿನ ಸದ್ದು ಮಾತ್ರ ಕೇಳುತ್ತೆ. ಒಂದು ತಟ್ಟು ಮಸುಕಾದರೂ ಅವರಿಗೆ ಸಿಕ್ಕಿಬೀಳುತ್ತೆ.

ಕಂಪನಿಯ ಕುಣಿತಗಾರ ಹ್ಯಾರಿ ಸ್ವಿಂಟನ್, ಆಗ ದೊಡ್ಡ ಹೆಸರು. ಸವಾಲು ಹಾಕಿದವನು ಇಪ್ಪತ್ತೊಂದರ ಹುಡುಗ ಬಿಲ್ ರಾಬಿನ್ಸನ್. ಚಿನ್ನದ ಪದಕ ಹುಡುಗನ ಪಾಲಾಯಿತು.

ನನ್ನ ಉತ್ತರ ಪೂರ್ತಿ ಈ ರಂಗದ ಅಡಿಯ ಕತ್ತಲಲ್ಲೇ ಇದೆ ಅಂತ ಇಟ್ಟುಕೊಳ್ಳಿ. ರಾಬಿನ್ಸನ್ ಬಗ್ಗೆ ನೂರು ವರ್ಷದಿಂದ ನಡೆಯುತ್ತಿರುವ ಜಗಳ ಅವರ ನಗುವಿನ ಮೇಲಿನದು. ಕಾಲಿನ ಬಗ್ಗೆ ಜಗಳ ಕಡಿಮೆ.

ಅವರು ಹುಟ್ಟಿದ್ದು 1878ರ ಮೇ 25ರಂದು, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಈ ಊರು ಸಾಮಾನ್ಯದ್ದಲ್ಲ. ಗುಲಾಮಗಿರಿ ಉಳಿಸಿಕೊಳ್ಳಲು ಸಿಡಿದುಹೋಗಿ ಯುದ್ಧ ಮಾಡಿದ ದಕ್ಷಿಣ ರಾಜ್ಯಗಳ ರಾಜಧಾನಿ ಅದು. ಯುದ್ಧ ಮುಗಿದು ಹದಿಮೂರು ವರ್ಷ ಅಷ್ಟೇ ಆಗಿತ್ತು. ಹುಡುಗನ ಹೆಸರು ಲೂಥರ್. ಅದು ಅವನಿಗೆ ಸೇರುತ್ತಿರಲಿಲ್ಲ. ತಮ್ಮನ ಹೆಸರಾದ ಬಿಲ್ ಅನ್ನು ತಾನು ಕಿತ್ತುಕೊಂಡು, ಲೂಥರ್ ಅನ್ನು ತಮ್ಮನಿಗೆ ಅಂಟಿಸಿದ ಅಂತ ಕತೆ. ತಂದೆತಾಯಿ ಬೇಗ ತೀರಿಕೊಂಡರು. ಸಾಕಿದ್ದು ಅಜ್ಜಿ ಬೆಡಿಲಿಯಾ. ಆ ಅಜ್ಜಿ ಸ್ವತಃ ಗುಲಾಮಳಾಗಿ ಬಾಳಿದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಸಿನಿಮಾ ವಿಷಯ ಬಂದಾಗ ಬೇಕಾಗುತ್ತೆ.

ಐದಾರು ವರ್ಷಕ್ಕೇ ಹುಡುಗ ಬೀರ್ ಅಂಗಡಿಗಳ ಮುಂದೆ ಕುಣಿದು ಚಿಲ್ಲರೆ ಕಾಸು ಎತ್ತುತ್ತಿದ್ದ. ಹನ್ನೆರಡರ ಆಸುಪಾಸಿನಲ್ಲಿ ಊರು ಬಿಟ್ಟು ವಾಷಿಂಗ್ಟನ್‌ಗೆ ಓಡಿದ. ಅಲ್ಲಿಂದ ನಾಟಕ ಕಂಪನಿ. ಆಗ ಒಂದು ಪದ್ಧತಿ ಇತ್ತು. ಬಿಳಿ ಗಾಯಕಿ ಮುಂದೆ ನಿಂತು ಹಾಡುವುದು, ಹಿಂದೆ ಒಂದಷ್ಟು ಕಪ್ಪು ಮಕ್ಕಳು ಕುಣಿಯುವುದು. ಹಾಡಿಗೆ ಚಪ್ಪಾಳೆ ಬರದಿದ್ದರೂ ಮಕ್ಕಳ ಕುಣಿತಕ್ಕೆ ಬರುತ್ತೆ ಅನ್ನುವ ಲೆಕ್ಕ. ಮೇಮಿ ರೆಮಿಂಗ್ಟನ್ ಎಂಬ ಗಾಯಕಿಯ ಹಿಂದೆ ಹಾಗೆ ಕುಣಿದವರಲ್ಲಿ ಇವನೂ ಒಬ್ಬ.

ಇಲ್ಲಿ ನಿಮ್ಮ ಮಗಳ ಪ್ರಶ್ನೆಗೆ ಬರೋಣ. ಗೆಜ್ಜೆ ಇಲ್ಲದೆ ಸದ್ದು ಹೇಗೆ?

ಇದರ ಹಿಂದೆ ಡ್ರಮ್ ಕಿತ್ತುಕೊಂಡ ಕತೆ ಇದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಡ್ರಮ್ ಬಾರಿಸುತ್ತಾ, ದಾರಿಯಲ್ಲಿ ಇನ್ನಷ್ಟು ಜನರನ್ನು ಕೂಡಿಸಿಕೊಳ್ಳುತ್ತಾ ಹೊರಟರು. ದಂಗೆಯನ್ನು ತುಳಿದು ಹಾಕಿದ ಮೇಲೆ, 1740ರಲ್ಲಿ, ಗುಲಾಮರು ಡ್ರಮ್ ಬಾರಿಸುವಂತಿಲ್ಲ ಎಂದು ಕಾನೂನು ಬಂತು. ಆಫ್ರಿಕಾದಿಂದ ಬಂದವರಿಗೆ ಡ್ರಮ್ ಬರೀ ವಾದ್ಯ ಅಲ್ಲ, ಅದು ಮಾತು. ಅದು ಹೋದ ಮೇಲೆ ಲಯ ಮೈಗೆ ಇಳಿಯಿತು. ಎದೆ, ತೊಡೆ, ಅಂಗೈ, ಅಂಗಾಲು ಎಲ್ಲ ವಾದ್ಯವಾದವು. ಕಾನೂನು ಮಾಡಿದವರಿಗೆ ಕಾಲು ಕಿತ್ತುಕೊಳ್ಳಲು ಆಗಲಿಲ್ಲ, ಅಲ್ವಾ?

ಮುಂದೆ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಬಡ ಬಡಾವಣೆಯಲ್ಲಿ ಈ ಕುಣಿತ ಐರಿಶ್ ವಲಸಿಗರ ಜಿಗ್ ಕುಣಿತದ ಜೊತೆ ಬೆರೆಯಿತು. ಎರಡೂ ಗುಂಪು ಬಡವರೇ, ಒಂದೇ ಹೆಂಡದಂಗಡಿಗೆ ಹೋಗುವವರೇ. ಸ್ಪರ್ಧೆಯೂ ಇತ್ತು, ಕದಿಯುವುದೂ ಇತ್ತು. ಅಲ್ಲಿ ಕುಣಿಯುತ್ತಿದ್ದ ಒಬ್ಬ ಕಪ್ಪು ಹುಡುಗನನ್ನು ಚಾರ್ಲ್ಸ್ ಡಿಕನ್ಸ್ 1842ರಲ್ಲಿ ನೋಡಿ ಬೆರಗಾಗಿ ಬರೆದಿದ್ದಾರೆ. 'ಮಾಸ್ಟರ್ ಜೂಬಾ' ಎಂದು ಹೆಸರಾದ ವಿಲಿಯಂ ಹೆನ್ರಿ ಲೇನ್ ಅವನೇ ಅಂತ ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಆದ್ದರಿಂದ ರಾಬಿನ್ಸನ್ ಅವರನ್ನು 'ಪಿತಾಮಹ' ಅನ್ನುವುದು ಸರಿಯಲ್ಲ. ಅವರು ಹುಟ್ಟುವ ಹೊತ್ತಿಗೆ ಈ ಕಲೆಗೆ ಅಜ್ಜ ಮುತ್ತಜ್ಜ ಎಲ್ಲ ಆಗಿಹೋಗಿದ್ದರು.

ಹಾಗಾದರೆ ರಾಬಿನ್ಸನ್ ಮಾಡಿದ್ದೇನು? ನಿಮ್ಮ ಮಗಳು ಭರತನಾಟ್ಯದವಳಾದ್ದರಿಂದ ಹೇಳುವುದು ಸುಲಭ. ತಟ್ಟಡವಿನಲ್ಲಿ ಪೂರ್ತಿ ಪಾದ ನೆಲಕ್ಕೆ ಬಡಿಯುತ್ತೆ, ಸದ್ದು ದಪ್ಪ. ಕುದಿತ್ತ ಮೆಟ್ಟಡವಿನಲ್ಲಿ ತುದಿಗಾಲ ಮೇಲೆ ಹಾರಿ ಆಮೇಲೆ ಹಿಮ್ಮಡಿ ಬಡಿಯುತ್ತಾರೆ, ಅಲ್ಲಿ ಎರಡು ಬೇರೆ ಬೇರೆ ಸದ್ದು. ರಾಬಿನ್ಸನ್‌ಗಿಂತ ಹಿಂದಿನವರು ಹೆಚ್ಚಾಗಿ ಪೂರ್ತಿ ಪಾದ ಊರಿ, ಮಂಡಿ ಬಗ್ಗಿಸಿ, ನೆಲಕ್ಕೆ ಅಂಟಿಕೊಂಡು ಕುಣಿಯುತ್ತಿದ್ದರು. ಇವರು ಅದನ್ನು ತುದಿಗಾಲಿಗೆ ಎತ್ತಿದರು. ಮೈ ನೆಟ್ಟಗೆ, ಕೈ ಆರಾಮಾಗಿ, ಸೊಂಟದ ಮೇಲೆ ಅಲ್ಲಾಟವೇ ಇಲ್ಲ. ಕಷ್ಟವೆಲ್ಲ ಮೊಣಕಾಲ ಕೆಳಗೆ. ಇವತ್ತು ಟ್ಯಾಪ್ ಬೂಟಿನ ಅಡಿ ಲೋಹದ ತಗಡು ಇರುತ್ತೆ, ಅವರದ್ದು ಮರದ ಅಟ್ಟೆ. ಮರದ ಮೇಲೆ ಮರ ತಾಗಿದರೆ ಬರುವ ಸದ್ದು ಲೋಹದ ಥರ ಚೀರುವುದಿಲ್ಲ. ಒಣಗಿದ, ದುಂಡಗಿನ, ಬೆಚ್ಚಗಿನ ಸದ್ದು.

ಅವರ ಹತ್ತಿರ ತುಂಬಾ ಹೆಜ್ಜೆಗಳಿರಲಿಲ್ಲ. ಇದನ್ನು ಅವರ ಅಭಿಮಾನಿಗಳೂ ಒಪ್ಪುತ್ತಾರೆ. ಇದ್ದ ಹೆಜ್ಜೆಗಳಲ್ಲಿ ಒಂದೂ ಕೊಳೆಯಿರಲಿಲ್ಲ, ಅಷ್ಟೇ. ಎಡಗಾಲಿನ ತಟ್ಟು, ಬಲಗಾಲಿನ ತಟ್ಟು ಒಂದೇ ತೂಕ. ನಾನು ಕೆಲವು ವರ್ಷ ಮೃದಂಗ ಕಲಿತವನು. ಎಡ-ಬಲ ಒಂದೇ ಸಮ ನುಡಿಸುವುದು ಎಷ್ಟು ಕಷ್ಟ ಅಂತ ಗೊತ್ತಿರುವುದರಿಂದ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೈಯಲ್ಲೇ ಕಷ್ಟ, ಕಾಲಲ್ಲಿ ಕೇಳಬೇಡಿ.

ಇನ್ನು ಆ ಮೆಟ್ಟಿಲು. ಅದಕ್ಕೂ ಮುಂಚೆ ರಂಗದ ಕಟ್ಟಳೆ ಒಂದನ್ನು ಹೇಳಬೇಕು. ಆಗ ಅಮೆರಿಕದಲ್ಲಿ ವಾಡೆವಿಲ್ ಅಂತ ಇತ್ತು. ಒಂದು ಟಿಕೆಟ್ಟಿಗೆ ಹಾಡು, ನಗೆ, ಜಾದೂ, ನಾಯಿಯ ಆಟ, ಎಲ್ಲ. ದೊಡ್ಡ ಥಿಯೇಟರುಗಳೆಲ್ಲ ಬಿಳಿಯರದ್ದು. ಅಲ್ಲಿ ಕಪ್ಪು ಕಲಾವಿದ ಒಬ್ಬನೇ ರಂಗಕ್ಕೆ ಬರುವಂತಿಲ್ಲ, ಜೋಡಿಯಾಗಿಯೇ ಬರಬೇಕು ಎಂಬ ಅಲಿಖಿತ ನಿಯಮ. ಒಬ್ಬನೇ ನಿಂತರೆ ಬಿಳಿಯ ಪ್ರೇಕ್ಷಕರ ಕಣ್ಣಿಗೆ ಕಣ್ಣಿಟ್ಟು ನಿಂತ ಹಾಗಾಗುತ್ತೆ. ಇಬ್ಬರಿದ್ದರೆ ಅವರವರೇ ಜೋಕು ಮಾಡಿಕೊಂಡಿರುತ್ತಾರೆ, ಪ್ರೇಕ್ಷಕರಿಗೆ ಮುಜುಗರ ಇಲ್ಲ. ಹೀಗಾಗಿ 1902ರಿಂದ ಹನ್ನೆರಡು ವರ್ಷದಷ್ಟು ಕಾಲ ರಾಬಿನ್ಸನ್ ಜಾರ್ಜ್ ಕೂಪರ್ ಎಂಬವರ ಜೊತೆ ಜೋಡಿ ಕಟ್ಟಿದರು. ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ಆಟ ಆಗ ಮಾಮೂಲು, ಕರಿಯ ಕಲಾವಿದರೂ ಹೊಟ್ಟೆಪಾಡಿಗೆ ಮಸಿ ಬಳಿದುಕೊಳ್ಳುತ್ತಿದ್ದರು. ಇವರು ಬಳಿದುಕೊಳ್ಳಲಿಲ್ಲ.

ಆಮೇಲೆ ಮಾರ್ಟಿ ಫೋರ್ಕಿನ್ಸ್ ಎಂಬ ಮ್ಯಾನೇಜರ್ ಸಿಕ್ಕರು. ಅವರ ಬೆಂಬಲದಿಂದ ರಾಬಿನ್ಸನ್ ಒಬ್ಬರೇ ರಂಗಕ್ಕೆ ಬರತೊಡಗಿದರು. ಬಿಳಿಯರ ವಾಡೆವಿಲ್‌ನಲ್ಲಿ ಹಾಗೆ ಒಂಟಿಯಾಗಿ, ಮಸಿ ಇಲ್ಲದ ಮುಖದಲ್ಲಿ ನಿಂತ ಮೊದಮೊದಲ ಕಪ್ಪು ಕಲಾವಿದರಲ್ಲಿ ಅವರೊಬ್ಬರು. ಈಗ ಆ ನಗುವನ್ನು ಇನ್ನೊಂದು ಸಲ ಯೋಚಿಸಿ. ಸಾವಿರಾರು ಬಿಳಿಯರ ಮುಂದೆ ಒಬ್ಬನೇ ನಿಂತವನು ನಗದೆ ಇದ್ದಿದ್ದರೆ ಎರಡನೇ ವಾರ ಕೆಲಸ ಇರುತ್ತಿರಲಿಲ್ಲ. ಆ ನಗು ಬಾಗಿಲಲ್ಲಿ ಕಟ್ಟಿದ ಸುಂಕ ಅಂತ ನನ್ನ ಅಭಿಪ್ರಾಯ. ಅದು ಅಭಿಪ್ರಾಯ ಅಷ್ಟೇ. ಅವರಿಗೆ ನಗುವುದು ನಿಜವಾಗಿಯೂ ಇಷ್ಟವಿತ್ತು ಅನ್ನುವವರೂ ಇದ್ದಾರೆ.

1918ರಲ್ಲಿ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರಿನಲ್ಲಿ ಮೆಟ್ಟಿಲ ಕುಣಿತ ಬಂತು. ಅದು ಹೊಳೆದದ್ದು ಹೇಗೆ ಅಂತ ಅವರೇ ಬೇರೆ ಬೇರೆ ಸಲ ಬೇರೆ ಬೇರೆ ಕತೆ ಹೇಳಿದ್ದಾರೆ. ಒಮ್ಮೆ ಕನಸಿನಲ್ಲಿ ಇಂಗ್ಲೆಂಡಿನ ರಾಜ ಸರ್ ಪದವಿ ಕೊಡಲು ಕರೆದಾಗ ಮೆಟ್ಟಿಲ ಮೇಲೆ ಕುಣಿಯುತ್ತಾ ಹತ್ತಿದೆ ಅಂದರು. ಇನ್ನೊಮ್ಮೆ ಸಭೆಯಲ್ಲಿ ಗೆಳೆಯರನ್ನು ಕಂಡು ಸುಮ್ನೆ ಕುಣಿಯುತ್ತಾ ಇಳಿದೆ ಅಂದರು. ನಿಜ ಏನಾದರೂ ಇರಲಿ, ಮೆಟ್ಟಿಲ ಮೇಲೆ ಕುಣಿದವರು ಅವರಿಗಿಂತ ಮೊದಲೂ ಇದ್ದರು. ಆದರೆ ಮೆಟ್ಟಿಲನ್ನು ವಾದ್ಯ ಮಾಡಿಕೊಂಡ ರೀತಿ ಇವರದ್ದು. ಒಂದೊಂದು ಮೆಟ್ಟಿಲು ಒಂದೊಂದು ಸ್ವರದಲ್ಲಿ ನುಡಿಯುತ್ತೆ. ಮೇಲೆ ಹತ್ತುವಾಗ ಒಂದು ವಾಕ್ಯ, ಇಳಿಯುವಾಗ ಅದಕ್ಕೆ ಉತ್ತರ. ನಡುವೆ ಒಂದು ಮೆಟ್ಟಿಲ ಮೇಲೆ ನಿಂತು, "ಇದು ಇನ್ನೇನು ಹೇಳುತ್ತೆ ನೋಡೋಣ" ಅನ್ನುವ ಹಾಗೆ ಅದನ್ನೇ ನಾಲ್ಕಾರು ಬಗೆಯಲ್ಲಿ ಕೆಣಕುವುದು. ತಮ್ಮದೇ ಮೆಟ್ಟಿಲು ಮಾಡಿಸಿಕೊಂಡು ಊರೂರಿಗೆ ಜೊತೆಗೇ ಒಯ್ಯುತ್ತಿದ್ದರು.

1921ರಲ್ಲಿ ಇದಕ್ಕೆ ಪೇಟೆಂಟ್ ಬೇಕೆಂದು ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದರು. ಸಿಗಲಿಲ್ಲ. ಕೇಳಲು ತಮಾಷೆ ಅನ್ನಿಸುತ್ತೆ. ಆದರೆ ಕಪ್ಪು ಕಲಾವಿದರ ಹೆಜ್ಜೆಗಳನ್ನು ಬಿಳಿಯರು ಕದ್ದು ದುಡ್ಡು ಮಾಡುತ್ತಿದ್ದ ಕಾಲ ಅದು. ಹಾಡಿಗೆ ಹಕ್ಕು ಇತ್ತು, ನಾಟಕಕ್ಕೆ ಇತ್ತು, ಹೆಜ್ಜೆಗೆ ಇರಲಿಲ್ಲ. ನನಗೆ ಅವರ ಬದುಕಿನಲ್ಲಿ ತುಂಬಾ ಇಷ್ಟವಾದ ಘಟನೆ ಇದೇ.

ಇಷ್ಟಾದರೂ ದೊಡ್ಡ ಪತ್ರಿಕೆಗಳ ಬಿಳಿ ವಿಮರ್ಶಕರು ಅವರನ್ನು 'ಕಂಡುಹಿಡಿದದ್ದು' 1928ರಲ್ಲಿ. 'ಬ್ಲ್ಯಾಕ್‌ಬರ್ಡ್ಸ್' ಎಂಬ ಬ್ರಾಡ್‌ವೇ ಪ್ರದರ್ಶನದಲ್ಲಿ. ಆಗ ಅವರಿಗೆ ಐವತ್ತು. ನಲವತ್ತು ವರ್ಷಕ್ಕೂ ಜಾಸ್ತಿ ಕುಣಿದ ಮೇಲೆ ಹೊಸ ಪ್ರತಿಭೆ!

ಈಗ ನೀವು ನೋಡಿದ ತುಣುಕು. ಅದು 1935ರ 'ದಿ ಲಿಟಲ್ ಕರ್ನಲ್' ಸಿನಿಮಾದ್ದು. ಹುಡುಗಿ ಶರ್ಲಿ ಟೆಂಪಲ್, ಚಿತ್ರೀಕರಣದ ಹೊತ್ತಿಗೆ ಆರು ವರ್ಷ. ರಾಬಿನ್ಸನ್‌ಗೆ ಐವತ್ತಾರು. ಮಲಗಲು ಹೋಗದೆ ಹಟ ಹಿಡಿದ ಮಗುವನ್ನು ಮನೆಯ ಆಳು ಮೆಟ್ಟಿಲ ಮೇಲೆ ಕುಣಿದು ಒಲಿಸುವ ಸನ್ನಿವೇಶ. ಆರು ವರ್ಷದ ಮಗುವಿಗೆ ಆ ಕುಣಿತ ಪೂರ್ತಿ ಕಲಿಸಲು ಹೊತ್ತಿರಲಿಲ್ಲ. ಹಾಗಾಗಿ ಮೆಟ್ಟಿಲಿನ ಎದುರು ಹಲಗೆಗೆ ಕಾಲ್ಬೆರಳಿನಿಂದ ಒದ್ದು ಸದ್ದು ಮಾಡುವ ಉಪಾಯ ಹೇಳಿಕೊಟ್ಟರು. ಮತ್ತೆ ನೋಡಿದರೆ ನಿಮಗೂ ಕಾಣುತ್ತೆ. ಆ ಮಗು ಅವರನ್ನು 'ಅಂಕಲ್ ಬಿಲ್ಲಿ' ಅನ್ನುತ್ತಿತ್ತು. ಮುದುಕಿಯಾಗುವವರೆಗೂ ಶರ್ಲಿ ಅವರ ಬಗ್ಗೆ ಪ್ರೀತಿಯಿಂದಲೇ ಮಾತಾಡಿದರು.

ಹಾಲಿವುಡ್‌ನಲ್ಲಿ ಕಪ್ಪು-ಬಿಳಿ ಜೋಡಿ ಒಟ್ಟಿಗೆ ಕುಣಿದದ್ದು ಅದೇ ಮೊದಲು ಅನ್ನುತ್ತಾರೆ. ಅವರಿಬ್ಬರೂ ಕೈ ಹಿಡಿದುಕೊಂಡ ಭಾಗವನ್ನು ದಕ್ಷಿಣ ರಾಜ್ಯಗಳಲ್ಲಿ ಕತ್ತರಿಸಿ ತೋರಿಸಿದರು. ಆರು ವರ್ಷದ ಮಗು, ತಾತನ ವಯಸ್ಸಿನವರು. ಅದೂ ಆಗದು. ಅಷ್ಟಕ್ಕೂ ಮಗುವಿನ ಜೊತೆಯಾದ್ದರಿಂದಲೇ ಇದು ಸಾಧ್ಯವಾಯಿತು. ಆ ಕಾಲದ ಸಿನಿಮಾದಲ್ಲಿ ಕಪ್ಪು ಗಂಡಸು ವಯಸ್ಸಿಗೆ ಬಂದ ಬಿಳಿ ಹೆಂಗಸಿನ ಜೊತೆ ಕುಣಿಯುವ ಮಾತೇ ಇರಲಿಲ್ಲ.

ಅದೇ ವರ್ಷ 'ದಿ ಲಿಟ್ಲೆಸ್ಟ್ ರೆಬೆಲ್' ಬಂತು. ಇದನ್ನು ನೋಡುವುದು ನನಗೆ ಇವತ್ತಿಗೂ ಕಷ್ಟ. ಕತೆ ಅಂತರ್ಯುದ್ಧದ ಕಾಲದ್ದು. ರಾಬಿನ್ಸನ್ ಒಬ್ಬ ಗುಲಾಮ. ಒಡೆಯನ ಮನೆಯನ್ನು ಕಾಯುವ, ಒಡೆಯನ ಮಗುವಿನ ಜೊತೆ ಕುಣಿಯುವ, ಸ್ವಾತಂತ್ರ್ಯದ ಬಗ್ಗೆ ಆಸೆಯೇ ಇಲ್ಲದ ನಗುಮುಖದ ಗುಲಾಮ. ಈ ಪಾತ್ರ ಮಾಡಿದವರನ್ನು ರಿಚ್ಮಂಡ್‌ನಲ್ಲಿ ಬೆಳೆಸಿದ್ದು ನಿಜವಾಗಿಯೂ ಗುಲಾಮಳಾಗಿದ್ದ ಅಜ್ಜಿ. ಸೆಟ್ಟಿನಲ್ಲಿ ನಿಂತಾಗ ಅವರ ಮನಸ್ಸಿನಲ್ಲಿ ಏನಿತ್ತೋ.

'ಅಂಕಲ್ ಟಾಮ್' ಎಂಬ ಬೈಗುಳ ಹತ್ತಿದ್ದು ಇಂಥ ಪಾತ್ರಗಳಿಂದ. ಬಿಳಿಯರ ಮುಂದೆ ಕೈಕಟ್ಟಿ, ತಲೆ ತಗ್ಗಿಸಿ ಬದುಕುವ ಕರಿಯನಿಗೆ ಅಲ್ಲಿನ ಕರಿಯರೇ ಕೊಡುವ ಹೆಸರು ಅದು. ಈ ಟೀಕೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆ ಸಿನಿಮಾಗಳನ್ನು ಕೋಟ್ಯಂತರ ಜನ ನೋಡಿದರು. ಗುಲಾಮಗಿರಿ ಅಂದರೆ ಏನೋ ನಗುನಗುತ್ತಾ ಕಳೆದ ಕಾಲ ಅಂತ ನಂಬುವವರಿಗೆ ರಾಬಿನ್ಸನ್ ಅವರ ನಗು ಸಾಕ್ಷಿಯಾಯಿತು. ಕಾಲು ಎಷ್ಟೇ ಚೆನ್ನಾಗಿ ನುಡಿದರೂ ಅದು ಅಳಿಸಿಹೋಗುವುದಿಲ್ಲ.

ಆದರೆ ಬೈಯುವವರು ಒಂದನ್ನು ಮರೆಯುತ್ತಾರೆ. ತೆರೆಯ ಮೇಲೆ ತಲೆ ತಗ್ಗಿಸಿದ ಮನುಷ್ಯ ಬೀದಿಯಲ್ಲಿ ತಲೆ ತಗ್ಗಿಸುವವರಾಗಿರಲಿಲ್ಲ. ಮೂಗಿನ ತುದಿಯಲ್ಲಿ ಕೋಪ. ಜೇಬಿನಲ್ಲಿ ಚಿನ್ನದ ಲೇಪದ ಪಿಸ್ತೂಲು. ಹೋಟೆಲಿನಲ್ಲಿ ಊಟ ಕೊಡುವುದಿಲ್ಲ ಅಂದರೆ ರಂಪ. 1930ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಕಳ್ಳನನ್ನು ಬೆನ್ನಟ್ಟಿ ಹೊರಟಾಗ ಪೊಲೀಸನೊಬ್ಬ ಇವರನ್ನೇ ಕಳ್ಳ ಎಂದುಕೊಂಡು ಗುಂಡು ಹೊಡೆದ. ಕರಿಯ ಓಡುತ್ತಿದ್ದಾನೆ ಅಂದರೆ ಕಳ್ಳನೇ ಇರಬೇಕು ಅನ್ನುವ ಲೆಕ್ಕ.

ಓಟದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹಿಮ್ಮುಖವಾಗಿ ಓಡುವುದರಲ್ಲಿ ಅವರು ವಿಶ್ವ ದಾಖಲೆ ಹೊಂದಿದ್ದರು. ನೂರು ಗಜ, 13.5 ಸೆಕೆಂಡ್, ಬೆನ್ನು ಮುಂದಾಗಿ. ನಾವು ಮುಖ ಮುಂದಾಗಿ ಓಡಿದರೂ ಅಷ್ಟು ಹೊತ್ತಿಗೆ ಮುಟ್ಟುತ್ತೇವಾ ಅಂತ ಅನುಮಾನ. ಹಿಟ್ಲರನ ಎದುರು ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಊರಿಗೆ ಬಂದಾಗ ಕೆಲಸ ಇಲ್ಲದೆ ಪರದಾಡಿದರು. ಆಗ ಮನರಂಜನೆ ಲೋಕದಲ್ಲಿ ದಾರಿ ಮಾಡಿಕೊಡಲು ನಿಂತವರು ರಾಬಿನ್ಸನ್. ಓವೆನ್ಸ್ ತಮ್ಮ ಪದಕಗಳಲ್ಲಿ ಒಂದನ್ನು ಅವರಿಗೇ ಕೊಟ್ಟುಬಿಟ್ಟರು. ಆ ಪದಕ 2013ರಲ್ಲಿ ಹರಾಜಿಗೆ ಬಂದಾಗ 14 ಲಕ್ಷ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು.

ಕೊಡುಗೈ ಎಷ್ಟಿತ್ತು ಅಂದರೆ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಜನ ಅವರನ್ನು ತಮ್ಮ ಗೌರವ ಮೇಯರ್ ಅಂತಲೇ ಕರೆದರು. ಕಪ್ಪು ಆಟಗಾರರನ್ನು ದೊಡ್ಡ ಬೇಸ್‌ಬಾಲ್ ಲೀಗುಗಳು ಸೇರಿಸಿಕೊಳ್ಳದ ಕಾಲದಲ್ಲಿ ನ್ಯೂಯಾರ್ಕ್ ಬ್ಲ್ಯಾಕ್ ಯಾಂಕೀಸ್ ತಂಡ ಕಟ್ಟುವುದರಲ್ಲಿ ಅವರ ಪಾಲಿತ್ತು. ಕಷ್ಟದಲ್ಲಿರುವ ಕಪ್ಪು ಕಲಾವಿದರಿಗಾಗಿ ಹುಟ್ಟಿದ ನೀಗ್ರೋ ಆಕ್ಟರ್ಸ್ ಗಿಲ್ಡ್ ಸಂಘದ ಹಿಂದೆಯೂ ಅವರಿದ್ದರು. 1933ರಲ್ಲಿ ಹುಟ್ಟೂರಿಗೆ ಹೋದಾಗ ಇಬ್ಬರು ಮಕ್ಕಳು ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟುವುದನ್ನು ಕಂಡರು. ಆಡಮ್ಸ್ ಬೀದಿ, ಲೀ ಬೀದಿ ಕೂಡುವ ಮೂಲೆ. ಸೀದಾ ಹೋಗಿ ತಮ್ಮ ದುಡ್ಡಿನಿಂದ ಅಲ್ಲಿ ಟ್ರಾಫಿಕ್ ಸಿಗ್ನಲ್ ಹಾಕಿಸಿದರು. 1973ರಲ್ಲಿ ಅದೇ ಮೂಲೆಯಲ್ಲಿ ಅವರ ಪ್ರತಿಮೆ ನಿಂತಿತು, ಮೆಟ್ಟಿಲು ಇಳಿಯುತ್ತಿರುವ ಭಂಗಿಯಲ್ಲಿ.

ಇನ್ನು ಕಲೆಯ ವಾರಸು. ಇಲ್ಲಿ ಒಂದು ವ್ಯಂಗ್ಯ ಇದೆ. 1936ರಲ್ಲಿ ಹಾಲಿವುಡ್‌ನ ಹೆಸರಾಂತ ಬಿಳಿಯ ನೃತ್ಯಗಾರ ಫ್ರೆಡ್ ಆಸ್ಟೇರ್ ಒಂದು ಸಿನಿಮಾದಲ್ಲಿ 'ಬೋಜ್ಯಾಂಗಲ್ಸ್ ಆಫ್ ಹಾರ್ಲೆಮ್' ಎಂಬ ಕುಣಿತ ಮಾಡಿದರು, ರಾಬಿನ್ಸನ್ ಅವರಿಗೆ ನಮಸ್ಕಾರ ಅಂತ. ಆದರೆ ಮುಖಕ್ಕೆ ಮಸಿ ಬಳಿದುಕೊಂಡು! ಮಸಿ ಬಳಿಯಲು ಒಪ್ಪದೆ ಬದುಕು ಕಟ್ಟಿದವರಿಗೆ ಮಸಿ ಬಳಿದ ನಮಸ್ಕಾರ. ಅದೂ ಸಾಲದು ಅಂತ, ಆ ಹೆಜ್ಜೆಗಳು ರಾಬಿನ್ಸನ್ ಅವರವೇ ಅಲ್ಲ. ಜಾನ್ ಬಬಲ್ಸ್ ಎಂಬ ಇನ್ನೊಬ್ಬ ಕಪ್ಪು ಕಲಾವಿದರ ಶೈಲಿಗೆ ಹತ್ತಿರದವು.

ಈ ಬಬಲ್ಸ್ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತೆ. ರಾಬಿನ್ಸನ್ ಟ್ಯಾಪನ್ನು ತುದಿಗಾಲಿಗೆ ಎತ್ತಿದರು ಅಂದೆನಲ್ಲ, ಬಬಲ್ಸ್ ಅದಕ್ಕೆ ಹಿಮ್ಮಡಿ ಮರಳಿಸಿದರು. ವೇಗವನ್ನು ಅರ್ಧಕ್ಕೆ ಇಳಿಸಿ, ನಡುವಿನ ಜಾಗದಲ್ಲಿ ಹಿಮ್ಮಡಿಯ ದಪ್ಪ ಸದ್ದುಗಳನ್ನು ಅನಿರೀಕ್ಷಿತವಾಗಿ ಬೀಳಿಸಿದರು. ಮುಂದೆ ಜಾಜ್ ಡ್ರಮ್ಮರುಗಳಿಗೆ ಹತ್ತಿರವಾದದ್ದು ಈ ದಾರಿ. ಇವತ್ತಿನ ಟ್ಯಾಪ್ ಕಲಾವಿದರ ಕಾಲಲ್ಲಿ ರಾಬಿನ್ಸನ್‌ಗಿಂತ ಬಬಲ್ಸ್ ಜಾಸ್ತಿ ಕೇಳಿಸುತ್ತಾರೆ. ಹೆಸರು ಮಾತ್ರ ರಾಬಿನ್ಸನ್ ಅವರದ್ದು ಉಳಿಯಿತು.

1943ರ 'ಸ್ಟಾರ್ಮಿ ವೆದರ್' ಕಪ್ಪು ಕಲಾವಿದರೇ ತುಂಬಿದ ಸಿನಿಮಾ. ಅಲ್ಲಿ ಕೊನೆಗೂ ಅವರು ಆಳಲ್ಲ, ನಾಯಕ. ಕತೆಯೂ ಸಡಿಲವಾಗಿ ಅವರ ಬದುಕಿನದ್ದೇ. ಆದರೆ ವಯಸ್ಸು ಅರವತ್ತೈದು, ನಾಯಕಿ ಲೀನಾ ಹಾರ್ನ್‌ಗೆ ಇಪ್ಪತ್ತಾರು. ಜೋಡಿ ಕೂಡಲಿಲ್ಲ, ಹೇಳಿಬಿಡಬೇಕು. ಆ ಸಿನಿಮಾದಲ್ಲಿ ಎಲ್ಲರೂ ನೆನಪಿಡುವುದು ನಿಕೋಲಸ್ ಸಹೋದರರನ್ನು. ಅಣ್ಣತಮ್ಮ ಇಬ್ಬರೂ ದೊಡ್ಡ ಮೆಟ್ಟಿಲುಗಳ ಮೇಲಿಂದ ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಹಾರಿ, ಕಾಲು ಪೂರ್ತಿ ಚಾಚಿ ನೆಲಕ್ಕೆ ಬಿದ್ದು, ಕೈ ಊರದೆ ಏಳುತ್ತಾ ಇಳಿಯುತ್ತಾರೆ. ಮತ್ತೆ ಮೆಟ್ಟಿಲೇ ನೋಡಿ. ರಾಬಿನ್ಸನ್ ಒಂದೊಂದೇ ಮೆಟ್ಟಿಲನ್ನು ಮಾತಾಡಿಸುತ್ತಾ ಹತ್ತಿದರು, ಮುಂದಿನ ತಲೆಮಾರು ಅದರ ಮೇಲಿಂದ ಹಾರಿತು.

ಅವರು ತೀರಿಕೊಂಡದ್ದು 1949ರ ನವೆಂಬರ್ 25ರಂದು, ಹೃದಯದ ತೊಂದರೆಯಿಂದ. ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ದುಡಿದವರು ಎಂದು ಲೆಕ್ಕ. ಕೈಯಲ್ಲಿ ಏನೂ ಉಳಿದಿರಲಿಲ್ಲ. ಜೂಜು ಒಂದಷ್ಟು ತಿಂದಿತ್ತು, ದಾನ ಒಂದಷ್ಟು. ಅಂತ್ಯಕ್ರಿಯೆಯ ಖರ್ಚನ್ನು ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಎಡ್ ಸಲಿವನ್ ಹೊತ್ತುಕೊಂಡರು. ಹಾರ್ಲೆಮ್‌ನಲ್ಲಿ ಸಾವಿರಾರು ಜನ ಸಾಲುಗಟ್ಟಿ ಮುಖ ನೋಡಿದರು. ಹತ್ತು ದಿನಕ್ಕೆ, ಡಿಸೆಂಬರ್ 5ಕ್ಕೆ, ಅವರ ಒಡನಾಡಿಗಳು 'ಕೋಪಸೆಟಿಕ್ಸ್' ಎಂಬ ಕೂಟ ಕಟ್ಟಿದರು. ಎಲ್ಲ ಚೆನ್ನಾಗಿದೆ ಅನ್ನಲು ರಾಬಿನ್ಸನ್ ಬಳಸುತ್ತಿದ್ದ ಮಾತು ಅದು. ಟ್ಯಾಪ್ ಯಾರಿಗೂ ಬೇಡವಾಗಿದ್ದ ಮುಂದಿನ ವರ್ಷಗಳಲ್ಲಿ ಹೆಜ್ಜೆಗಳನ್ನು ಕಾಪಾಡಿ ಹೊಸಬರಿಗೆ ದಾಟಿಸಿದವರಲ್ಲಿ ಈ ಕೂಟದವರು ಮುಖ್ಯರು. 1989ರಲ್ಲಿ ಅಮೆರಿಕದ ಸಂಸತ್ತು ಅವರ ಹುಟ್ಟಿದ ದಿನ ಮೇ 25ನ್ನು ರಾಷ್ಟ್ರೀಯ ಟ್ಯಾಪ್ ನೃತ್ಯ ದಿನ ಎಂದು ಸಾರಿತು.

ಒಂದು ಸಣ್ಣ ಸೇರಿಕೆ, ಮಗಳಿಗೆ ಖುಷಿ ಆಗಬಹುದು. ಕೋಲ್ಕತ್ತಾದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಕಥಕ್ ಗುರು ಚಿತ್ರೇಶ್ ದಾಸ್ ಮತ್ತು ಟ್ಯಾಪ್ ಕಲಾವಿದ ಜೇಸನ್ ಸ್ಯಾಮ್ಯುಯಲ್ಸ್ ಸ್ಮಿತ್ 2004ರಲ್ಲಿ ಒಂದು ನೃತ್ಯೋತ್ಸವದಲ್ಲಿ ಸಿಕ್ಕರು. ಆಮೇಲೆ 'ಇಂಡಿಯಾ ಜಾಜ್ ಸೂಟ್ಸ್' ಎಂಬ ಹೆಸರಿನಲ್ಲಿ ಒಬ್ಬರು ಗೆಜ್ಜೆ ಕಟ್ಟಿ, ಇನ್ನೊಬ್ಬರು ಬೂಟು ಹಾಕಿ, ವರ್ಷಗಟ್ಟಲೆ ಪ್ರಶ್ನೋತ್ತರ ನಡೆಸಿದರು.

ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಒಂಬತ್ತು ವರ್ಷದವಳಿಗೆ ಗುಲಾಮಗಿರಿ ಅರ್ಥ ಆಗದ ವಿಷಯವೇನಲ್ಲ, ನೇರವಾಗಿ ಹೇಳಿ. ತಾತನ ಅಜ್ಜಿಯನ್ನು ಮಾರಬಹುದಾಗಿತ್ತು, ತಾತ ಆ ಮಗುವಿನ ಕೈ ಹಿಡಿದದ್ದನ್ನು ಕತ್ತರಿಸಿದರು ಅಂತ ಹೇಳಿ. ನಗುವಿನ ಜಗಳ ಅವಳು ದೊಡ್ಡವಳಾದ ಮೇಲೆ ತಾನೇ ತೀರ್ಮಾನಿಸಲಿ.

ಆಮೇಲೆ 1932ರ 'ಹಾರ್ಲೆಮ್ ಈಸ್ ಹೆವನ್' ಸಿನಿಮಾದ ಮೆಟ್ಟಿಲ ಕುಣಿತ ಹುಡುಕಿ. ಅಲ್ಲಿ ಮಗು ಇಲ್ಲ, ಒಡೆಯ ಇಲ್ಲ, ಆಳಿನ ಬಟ್ಟೆ ಇಲ್ಲ. ಅವರು ಮತ್ತು ಮೆಟ್ಟಿಲು. ಮೊದಲ ಸಲ ಮೊಬೈಲನ್ನು ಮಗುಚಿ ಇಟ್ಟು ಬರೀ ಕೇಳಿ, ರಂಗದ ಅಡಿ ಕೂತ ತೀರ್ಪುಗಾರರ ಹಾಗೆ. ಎಡ ಯಾವುದು ಬಲ ಯಾವುದು ಹೇಳು ಅಂತ ಮಗಳನ್ನು ಕೇಳಿ. ಎರಡನೇ ಸಲ ನೋಡಿ.

ನೋಡಿದ ಮೇಲೆ ಅವಳು ಮೆಟ್ಟಿಲ ಹತ್ತಿರ ಓಡುವುದು ಖಂಡಿತ. ಕಾಂಕ್ರೀಟ್ ಮೆಟ್ಟಿಲ ಮೇಲೆ ಬಿಡಬೇಡಿ, ಮಂಡಿ ನೋಯುತ್ತೆ, ಸದ್ದೂ ಬರದು. ಅಗಲವಾದ ಒಂದು ಗಟ್ಟಿ ಮರದ ಹಲಗೆಯನ್ನು ನೆಲಕ್ಕೆ ಹಾಸಿ, ಅಡಿಗೆ ಒಂದು ಚಾಪೆ ಇಡಿ. ಅಟ್ಟೆ ಗಟ್ಟಿ ಇರುವ ಹಳೆಯ ಶಾಲಾ ಬೂಟು ಸಾಕು. ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.